ನಾವೇ ಆರಿಸಿಕೊಂಡ ಕಷ್ಟ

ಕಷ್ಟವನ್ನು ಯಾರೂ ಬಯಸುವುದಿಲ್ಲ, ಬಂದಾಗ ಸಹಿಸಿಕೊಳ್ಳುತ್ತಾರೆ ಅಷ್ಟೇ ಎಂಬುದು ನಾವು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು. ಆದರೆ ಈ ಮಾತು ಪೂರ್ತಿ ನಿಜವಲ್ಲ. ಮನೆಯಲ್ಲಿ ಅನ್ನವಿರುವಾಗ ಮನುಷ್ಯ ಉಪವಾಸ ಮಾಡುತ್ತಾನೆ, ಬಸ್ಸಿರುವಾಗ ಬೆಟ್ಟಕ್ಕೆ ನಡೆದು ಹೋಗುತ್ತಾನೆ, ಬಾಗಿಲಲ್ಲಿ ಕಾರು ನಿಂತಿರುವಾಗ ಸೈಕಲ್ ತುಳಿಯುತ್ತಾನೆ. ಹೀಗೆ ತಾನಾಗಿ ಆರಿಸಿಕೊಂಡ ಕಷ್ಟಕ್ಕೆ ಬೆಲೆಯೇನು? ಅದೇ ರಸ್ತೆಯಲ್ಲಿ, ಅದೇ ಬಿಸಿಲಿನಲ್ಲಿ, ಬೇರೆ ದಾರಿಯೇ ಇಲ್ಲದೆ ಅದೇ ಕಷ್ಟವನ್ನು ಪಡುತ್ತಿರುವವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ? ಕೆಲವು ವರ್ಷಗಳಿಂದ ನನ್ನನ್ನು ಬಿಡದೆ ಹಿಂಬಾಲಿಸುತ್ತಿರುವ ಪ್ರಶ್ನೆಯಿದು.

ಉರ್ದುವಿನಲ್ಲಿ ಎರಡು ಪದಗಳಿವೆ. ಒಂದು ಶೌಕ್, ಇನ್ನೊಂದು ಮಜಬೂರಿ. ಶೌಕ್ ಎಂದರೆ ಒಲವು, ಮನಸ್ಸಿನ ಸೆಳೆತ. ನಮ್ಮ ಕನ್ನಡದ 'ಶೋಕಿ' ಬಂದದ್ದು ಅದೇ ಮೂಲದಿಂದ. ಆದರೆ ಇತ್ತ ದಾಟಿ ಬರುವಾಗ ಆ ಪದ ತನ್ನ ಗೌರವವನ್ನು ಅಲ್ಲೇ ಬಿಟ್ಟು ಬಂದಿತು. ಶೋಕಿ ಎಂದರೆ ನಮಗೆ ದುಡ್ಡಿದ್ದವರ ತೋರಿಕೆ. ಮಜಬೂರಿ ಎಂದರೆ ಬೇರೆ ದಾರಿಯಿಲ್ಲದ ಸ್ಥಿತಿ. ಎರಡರಲ್ಲೂ ಮೆಹನತ್ ಇರಬಹುದು. ದೇಹಕ್ಕಂತೂ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಏರುರಸ್ತೆಯಲ್ಲಿ ಉಸಿರು ಕಟ್ಟುವಾಗ, ತೊಡೆಯ ಸ್ನಾಯು ಹಿಡಿದುಕೊಳ್ಳುವಾಗ, ಅದು ಶೌಕಿಗಾಗಿಯೋ ಮಜಬೂರಿಗಾಗಿಯೋ ಎಂದು ಎದೆ ಕೇಳುವುದಿಲ್ಲ. ಹಾಗಾದರೆ ವ್ಯತ್ಯಾಸ ಇರುವುದು ಎಲ್ಲಿ?

ಮೂವತ್ತರ ಕೊನೆಯಲ್ಲಿ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡ ಮೇಲೆ ನಾನು ಸೈಕಲ್ ಹತ್ತಿದವನು. ಮೊದಲು ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗಿ ಬರುವುದೇ ದೊಡ್ಡ ಸಾಹಸವಾಗಿತ್ತು. ಆಮೇಲೆ ಹನೂರು, ಆಮೇಲೆ ಬಿಳಿಗಿರಿರಂಗನ ಬೆಟ್ಟ. ಕೊನೆಗೆ 'ಬ್ರೆವೆ' ಎಂಬ ದೂರದ ಸವಾರಿಗಳ ರುಚಿ ಹತ್ತಿತು. ಇದು ಫ್ರಾನ್ಸಿನಿಂದ ಬಂದ ಪದ್ಧತಿ. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಬರುವ ಸ್ಪರ್ಧೆಯಾಗಿ ಆರಂಭವಾದದ್ದು ಇಂದು 1,200 ಕಿಲೋಮೀಟರುಗಳನ್ನು 90 ಗಂಟೆಗಳೊಳಗೆ ಮುಗಿಸಬೇಕಾದ ಹವ್ಯಾಸಿಗಳ ಸವಾರಿಯಾಗಿದೆ. ಅದಕ್ಕೆ ಅರ್ಹತೆ ಪಡೆಯಲು 200, 300, 400, 600 ಕಿಲೋಮೀಟರುಗಳ ಸವಾರಿಗಳನ್ನು ಮುಗಿಸಬೇಕು. 200ಕ್ಕೆ ಹದಿಮೂರೂವರೆ ಗಂಟೆ ಗಡುವು, 600ಕ್ಕೆ 40 ಗಂಟೆ. ಇಲ್ಲಿ ಮೊದಲನೆಯವನು, ಕೊನೆಯವನು ಎಂಬ ಭೇದವಿಲ್ಲ. ಗಡುವಿನೊಳಗೆ ಮುಗಿಸಿದವರೆಲ್ಲ ಸಮಾನರು. ಮಸೀದಿಯ ಸಾಲಿನಂತಿರುವ ಈ ಗುಣವೇ ನನಗೆ ಹಿಡಿಸಿದ್ದು.

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್ ಅದರ ಮುಂದಿನ ಮೆಟ್ಟಿಲು. 1978ರ ಫೆಬ್ರವರಿ 18ರಂದು ಹವಾಯಿಯ ಓವಾಹು ದ್ವೀಪದಲ್ಲಿ ಹದಿನೈದು ಮಂದಿ 3.8 ಕಿಲೋಮೀಟರು ಈಜಿ, 180 ಕಿಲೋಮೀಟರು ಸೈಕಲ್ ತುಳಿದು, 42 ಕಿಲೋಮೀಟರು ಓಡಲು ಹೊರಟರು. ಮುಗಿಸಿದವರು ಹನ್ನೆರಡು ಮಂದಿ. ಐರನ್‌ಮ್ಯಾನ್ ಎಂದು ಜಗತ್ತು ಕರೆಯುವ ಸ್ಪರ್ಧೆ ಹುಟ್ಟಿದ್ದು ಹೀಗೆ. ಇನ್ನೂ ಚಿಕ್ಕದಾದ ಟ್ರಯಥ್ಲಾನ್ 2000ದಲ್ಲಿ ಸಿಡ್ನಿಯಲ್ಲಿ ಒಲಿಂಪಿಕ್ಸ್ ಸೇರಿತು. 2019ರಲ್ಲಿ ಗೋವಾದಲ್ಲಿ ಐರನ್‌ಮ್ಯಾನಿನ ಅರ್ಧದೂರದ ಸ್ಪರ್ಧೆ ನಡೆದ ಮೇಲೆ ನಮ್ಮ ಮೈಸೂರು, ಬೆಂಗಳೂರಿನ ಗೆಳೆಯರಿಗೂ ಅದರ ಹುಚ್ಚು ಹಿಡಿಯಿತು. ನಾವು ನಾಲ್ಕು ಮಂದಿ ನಮ್ಮ ಮಟ್ಟಿಗೊಂದು ಟ್ರಯಥ್ಲಾನ್ ಮಾಡಿಕೊಂಡೆವು. ಗೆಳೆಯರೊಬ್ಬರ ತೋಟದ ಬಾವಿಯಲ್ಲಿ ಲೆಕ್ಕ ತಪ್ಪುವಷ್ಟು ಸುತ್ತು ಈಜಿ, ಹನೂರಿಗೆ ಸೈಕಲ್ಲಿನಲ್ಲಿ ಹೋಗಿ ಬಂದು, ನಾಲೆಯ ಏರಿಯ ಮೇಲೆ ಹತ್ತು ಕಿಲೋಮೀಟರು ಓಡಿದೆವು. ಓಡಿದೆವು ಅನ್ನುವುದಕ್ಕಿಂತ ಕಾಲೆಳೆದೆವು ಅನ್ನುವುದೇ ಸರಿ. ಕೊನೆಯಲ್ಲಿ ಆದ ಸಂತೋಷ ಮಾತ್ರ ಸುಳ್ಳಲ್ಲ.

ಈ ಸವಾರಿಗಳಿಗೆ ನಮ್ಮ ಸೀಮೆಯಂಥ ಸೀಮೆ ಇನ್ನೊಂದಿಲ್ಲ ಎಂದು ಹೊರಗಿನಿಂದ ಬರುವವರೆಲ್ಲ ಹೇಳುತ್ತಾರೆ. ಅವರ ಮಾತು ನಿಜ. ಯಳಂದೂರಿನ ಕಡೆ ಭತ್ತ, ಕಬ್ಬು, ತೆಂಗು. ಗುಂಬಳ್ಳಿ ದಾಟಿದರೆ ಕಾಡಿನ ನೆರಳು. ಹನೂರಿನ ಕಡೆ ಹೊರಳಿದರೆ ನೆಲ ಬಣ್ಣ ಬದಲಿಸುತ್ತದೆ. ರಾಗಿ, ಮುಸುಕಿನ ಜೋಳದ ಒಣಹೊಲಗಳು, ಅವುಗಳ ಹಿಂದೆ ಒಂದರ ಭುಜದ ಮೇಲೊಂದು ಕೈಯಿಟ್ಟಂತೆ ನಿಂತ ಬೆಟ್ಟಗಳು. ಒಡೆಯರಪಾಳ್ಯದ ಹತ್ತಿರ ಇದ್ದಕ್ಕಿದ್ದಂತೆ ಟಿಬೆಟ್ಟಿನ ಬಣ್ಣಬಣ್ಣದ ಬಾವುಟಗಳು ಕಾಣುತ್ತವೆ. 1974ರಲ್ಲಿ ನೆಲೆ ಕಳೆದುಕೊಂಡು ಬಂದವರಿಗೆ ಈ ಸೀಮೆ ಜಾಗ ಕೊಟ್ಟಿತು. ಕೌದಳ್ಳಿ ದಾಟಿ ತಾಳುಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದ ಏರು ಶುರು. ಒಂದು ತಿರುವು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದು.

ಬಿಳಿಗಿರಿರಂಗನ ಬೆಟ್ಟದ ಕಡೆಯ ಇಂಥದೇ ಒಂದು ಏರಿನಲ್ಲಿ ಉಸಿರಾಡಲೆಂದು ನಿಂತಿದ್ದೆ. ತಲೆಯ ಮೇಲೆ ಸೌದೆ ಹೊರೆ ಹೊತ್ತ ಮೂವರು ಹೆಂಗಸರು ಇಳಿದು ಬರುತ್ತಿದ್ದರು. ನನ್ನ ಶಿರಸ್ತ್ರಾಣ, ಮೈಗಂಟಿದ ಬಟ್ಟೆ, ಬೆವರು ಎಲ್ಲವನ್ನೂ ನೋಡಿ ಅವರಲ್ಲಿ ಹಿರಿಯಳೊಬ್ಬಳು, "ಇಷ್ಟು ಕಷ್ಟ ಬೀಳ್ತಿದ್ದೀಯಲ್ಲ, ಯಾರಪ್ಪ ಕಾಸು ಕೊಡ್ತಾರೆ?" ಎಂದು ಕೇಳಿದಳು. "ಯಾರೂ ಕೊಡಲ್ಲ ಅವ್ವ, ಹೆಸರು ಬರೆಸೋಕೆ ನಾವೇ ಕಾಸು ಕೊಡಬೇಕು" ಎಂದೆ. ಮೂವರೂ ನಕ್ಕರು. ಹೊರೆ ಅಲುಗಾಡುವಷ್ಟು ನಕ್ಕರು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಇಂಥವರೂ ಇದ್ದಾರಲ್ಲ ಎಂಬ ಬೆರಗಷ್ಟೇ ಇತ್ತು. ನಾನೂ ನಕ್ಕೆ. ಆದರೆ ಮುಂದಿನ ತಿರುವುಗಳಲ್ಲಿ ಆ ಪ್ರಶ್ನೆ ನನ್ನ ಹಿಂದಿನ ಕ್ಯಾರಿಯರಿನ ಮೇಲೆ ಕುಳಿತೇ ಬಂದಿತು.

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ನಮ್ಮ ಮನೆಯಲ್ಲೇ ಕಾದಿತ್ತು. ನಮ್ಮ ತಂದೆ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದವರು. ಈ ಕೆಲಸದಲ್ಲಿ ಇಲ್ಲಿ ಮುಸ್ಲಿಮರೇ ಹೆಚ್ಚು. ಗೂಡಿನ ಚೀಲಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು, ಕುದಿನೀರಿನ ಮುಂದೆ ಕುಳಿತು ಎಳೆ ತೆಗೆಯುತ್ತಿದ್ದರು. ಅವರ ಬೆರಳ ತುದಿಗಳು ಸದಾ ಬೆಂದಂತಿರುತ್ತಿದ್ದವು. ನಾನು ಹೊಸ ಸೈಕಲ್ ತಂದ ದಿನ ಅದರ ಬೆಲೆ ಕೇಳಿ ಬಹಳ ಹೊತ್ತು ಸುಮ್ಮನಿದ್ದು, ನಮ್ಮ ಮನೆಮಾತಿನಲ್ಲಿ, "ಸೈಕಲ್ ಛೋಡ್ನೇ ಕೇ ವಾಸ್ತೇಚ್ ಮೈಂ ಉಮರ್ ಭರ್ ಸೈಕಲ್ ಮಾರಾ" ಎಂದರು. ಸೈಕಲ್ ಬಿಡುವ ದಿನ ಬರಲಿ ಎಂದೇ ನಾನು ಜೀವಮಾನವೆಲ್ಲ ಸೈಕಲ್ ತುಳಿದೆ ಎಂಬುದು ಅದರ ಅರ್ಥ. ಅದರಲ್ಲಿ ಬೈಗುಳವಿರಲಿಲ್ಲ. ಯಾವ ಹೊರೆಯನ್ನು ಮಗನ ಹೆಗಲಿನಿಂದ ಇಳಿಸಲು ಒಬ್ಬ ತಂದೆ ದುಡಿದನೋ, ಆ ಹೊರೆಯನ್ನೇ ಮಗ ದುಡ್ಡು ಕೊಟ್ಟು ಮನೆಗೆ ತಂದದ್ದನ್ನು ನೋಡಿದ ವಿಸ್ಮಯವಿತ್ತು.

ಈ ಪ್ರಶ್ನೆಗೆ ಒಂದು ಸುಲಭದ ಉತ್ತರವಿದೆ. ಇದೆಲ್ಲ ಹೊಟ್ಟೆ ತುಂಬಿದವರ ಆಟ, ಬಡವರ ಬೆವರಿನ ಅಣಕ ಎನ್ನುವುದು. ಇತಿಹಾಸದಲ್ಲಿ ಈ ಉತ್ತರಕ್ಕೆ ಆಧಾರವೂ ಇದೆ. ನಾವಿಂದು ವ್ಯಾಯಾಮಶಾಲೆಗಳಲ್ಲಿ ಶುಲ್ಕ ತೆತ್ತು ಹತ್ತುವ ಟ್ರೆಡ್‌ಮಿಲ್ಲಿನ ಹೆಸರು ಬಂದದ್ದು ಜೈಲಿನಿಂದ. 1818ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ ಕೈದಿಗಳನ್ನು ದುಡಿಸಲೆಂದು ತಿರುಗುವ ಮೆಟ್ಟಿಲುಗಳ ಚಕ್ರವೊಂದನ್ನು ರೂಪಿಸಿದ. ಕೈದಿಗಳು ಗಂಟೆಗಟ್ಟಲೆ ಅದನ್ನು ತುಳಿಯಬೇಕಿತ್ತು. ಎಷ್ಟು ಹತ್ತಿದರೂ ಎಲ್ಲಿಗೂ ತಲುಪದ ಏರು ಅದು. ಲೇಖಕ ಆಸ್ಕರ್ ವೈಲ್ಡ್ 1895ರಲ್ಲಿ ಶಿಕ್ಷೆಗೊಳಗಾದಾಗ ಅದನ್ನು ತುಳಿದವನು. ಅಮಾನುಷವೆಂದು ಅದನ್ನು ಕೈಬಿಟ್ಟು ಒಂದು ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ಹೆಸರಿನ ಯಂತ್ರ ಊರೂರಿಗೆ ಬಂದಿತು, ಜನ ಸಂತೋಷದಿಂದ ಹತ್ತಿದರು.

'ಹವ್ಯಾಸಿ' ಎಂಬ ಪದದ ಚರಿತ್ರೆಯೂ ಅಷ್ಟೇನೂ ಮುಗ್ಧವಲ್ಲ. ಇಂಗ್ಲೆಂಡಿನ ಹೆನ್ಲಿಯಲ್ಲಿ ನಡೆಯುವ ದೋಣಿ ಸ್ಪರ್ಧೆಯವರು 1879ರಲ್ಲಿ ಹವ್ಯಾಸಿ ಯಾರು ಎಂಬುದಕ್ಕೆ ನಿಯಮ ಬರೆದರು. ಕೂಲಿಗಾಗಿ ಕೈಕೆಲಸ ಮಾಡುವ ಕುಶಲಕರ್ಮಿ, ಕಾರ್ಮಿಕ ಯಾರೂ ಹವ್ಯಾಸಿಯಾಗಲಾರರು ಎಂದು ಅದರಲ್ಲಿ ಸ್ಪಷ್ಟಪಡಿಸಿದರು. ದೈಹಿಕ ದುಡಿಮೆ ಮಾಡಿದವನ ತೋಳಿಗೆ ಅನ್ಯಾಯದ ಬಲ ಬಂದಿರುತ್ತದೆ ಎಂಬುದು ಒಂದು ನೆಪ. ಒಳಗಿನ ಕಾರಣ ಜಾತಿಗೆ ಸಮನಾದ ವರ್ಗದ ಅಹಂಕಾರ. 1920ರಲ್ಲಿ ಅಮೆರಿಕದ ಜಾನ್ ಕೆಲ್ಲಿಯ ಪ್ರವೇಶವನ್ನು ಅಲ್ಲಿ ನಿರಾಕರಿಸಿದರು. ಆತ ಹಿಂದೆ ಇಟ್ಟಿಗೆ ಕಟ್ಟುವ ಕೆಲಸ ಮಾಡಿದ್ದನೆಂಬುದೂ ಅದಕ್ಕೊಂದು ಕಾರಣವಾಗಿತ್ತು. ಅದೇ ವರ್ಷ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಕೆಲ್ಲಿ ಚಿನ್ನ ಗೆದ್ದ. ಬೆವರನ್ನು ಗೌರವಿಸುವ ಆಟದೊಳಗೆ ಬೆವರಿನಿಂದ ಬದುಕುವವರಿಗೆ ಜಾಗವಿಲ್ಲದ ಕಾಲವೊಂದಿತ್ತು ಎಂಬುದನ್ನು ಆಟಗಾರರಾದ ನಾವು ಮರೆಯಬಾರದು.

ಆದರೂ ಈ ಸುಲಭದ ಉತ್ತರ ನನಗೆ ಸಾಲದು. ಏಕೆಂದರೆ ಆಟ ಶ್ರೀಮಂತರ ಸೊತ್ತಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದವನೇ ಸಂಜೆ ಗರಡಿಮನೆಯಲ್ಲಿ ಸಾಮು ತೆಗೆಯುತ್ತಿದ್ದ. ಕಾಲು ಎಟುಕದ ಹುಡುಗರು ಗಂಟೆಗಿಷ್ಟು ಎಂದು ಬಾಡಿಗೆಗೆ ತಂದ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆದು ಮಂಡಿ ಕೆತ್ತಿಸಿಕೊಂಡದ್ದು ಯಾವ ಮಜಬೂರಿಗಾಗಿ? ಕೆನಡಾದಲ್ಲಿ ನೆಲೆಸಿದ್ದ ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರಲ್ಲಿ, ಅಂದರೆ ಹವಾಯಿಯ ಆ ಹದಿನೈದು ಮಂದಿ ಸಮುದ್ರಕ್ಕೆ ಧುಮುಕಿದ ವರ್ಷವೇ, ಆಟವೆಂದರೇನು ಎಂಬುದರ ಬಗ್ಗೆ ಒಂದು ಪುಸ್ತಕ ಬರೆದ. ಗುರಿ ತಲುಪಲು ಸುಲಭದ ಮಾರ್ಗವಿದ್ದರೂ ಬೇಕೆಂದೇ ಕಷ್ಟದ ಮಾರ್ಗಕ್ಕೆ ಒಪ್ಪಿಕೊಳ್ಳುವುದರಲ್ಲೇ ಆಟದ ಜೀವವಿದೆ ಎಂಬುದು ಅವನ ವಾದದ ಸಾರ. ಹನೂರಿಗೆ ಬಸ್ಸಿದೆ. ಬಸ್ಸಿದೆ ಎಂಬ ಕಾರಣಕ್ಕೇ ನನ್ನ ಸೈಕಲ್ ಸವಾರಿ ಆಟವಾಗುತ್ತದೆ. ಬಸ್ಸಿಲ್ಲದಿದ್ದರೆ ಅದು ಪ್ರಯಾಣ ಮಾತ್ರ.

ಶೌಕ್ ಮತ್ತು ಮಜಬೂರಿ ಒಂದೇ ಸೈಕಲ್ಲಿನ ಮೇಲೆ ಜೊತೆಯಾಗಿ ಕುಳಿತ ಉದಾಹರಣೆಗಳೂ ಇವೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಗ್ರಾಮೀಣ ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಕಲ್ಲು ಒಡೆಯುವವರಿದ್ದರು, ಕೃಷಿ ಕೂಲಿಗಳಿದ್ದರು, ಮುಸ್ಲಿಮ್ ಹೆಣ್ಣುಮಕ್ಕಳೂ ಇದ್ದರು. ನೀರು ತರಲು, ಕೆಲಸಕ್ಕೆ ಹೋಗಲು ಸೈಕಲ್ ಬೇಕಿತ್ತು, ನಿಜ. ಆದರೆ ಅವರ ಸಂಭ್ರಮ ನೀರಿನದು ಮಾತ್ರವಾಗಿರಲಿಲ್ಲ. ಗಂಡಸಿಗಾಗಿ ಕಾಯದೆ ಹೊರಗೆ ಹೋಗಬಲ್ಲೆ ಎಂಬ ಸಂಭ್ರಮ ಅದು. ನಮ್ಮ ರಾಜ್ಯದಲ್ಲೂ 2006-07ರಲ್ಲಿ ಆರಂಭವಾಗಿ ಕೋವಿಡ್ ಕಾಲದಲ್ಲಿ ನಿಂತುಹೋದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗಿಯರು ರಸ್ತೆಯುದ್ದಕ್ಕೂ ಸಾಲುಕಟ್ಟಿ ನಗುತ್ತ ಹೋಗುತ್ತಿದ್ದುದನ್ನು ನೋಡಿದವರಿಗೆ, ಅನಿವಾರ್ಯತೆಗೂ ಆನಂದಕ್ಕೂ ನಡುವೆ ಗೋಡೆಯಿಲ್ಲ ಎಂಬುದು ಗೊತ್ತು.

ಇವೆರಡೂ ಅಲ್ಲದ ಮೂರನೆಯ ಬಗೆಯ ಕಷ್ಟವೊಂದಿದೆ. ಅದನ್ನು ನೋಡಲು ಶಿವರಾತ್ರಿ, ಯುಗಾದಿ, ದೀಪಾವಳಿಗಳ ಮುಂಚಿನ ದಿನಗಳಲ್ಲಿ ಕೊಳ್ಳೇಗಾಲದಿಂದ ಹನೂರಿನ ರಸ್ತೆಗೆ ಬರಬೇಕು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಸಾಲು ಹಗಲಿರುಳು ಹರಿಯುತ್ತಿರುತ್ತದೆ. ಕೊಳ್ಳೇಗಾಲದಿಂದಲೇ ಸುಮಾರು 80 ಕಿಲೋಮೀಟರು. ಕೆಲವರು ಮಂಡ್ಯ, ರಾಮನಗರದ ಕಡೆಯಿಂದಲೂ ನಡೆದೇ ಬಂದಿರುತ್ತಾರೆ. ಪಾದದಲ್ಲಿ ಬೊಬ್ಬೆ, ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಅವರಿಗೂ ಬಸ್ಸಿದೆ. ಆದರೂ ನಡೆಯುತ್ತಾರೆ. ಇದು ಆಟವಲ್ಲ, ಮಜಬೂರಿಯೂ ಅಲ್ಲ, ಹರಕೆ. ಮಗುವಿನ ಕಾಯಿಲೆ, ಬಾರದ ಮಳೆ, ತೀರದ ಸಾಲ ಏನೋ ಒಂದು ಅದರ ಹಿಂದಿರುತ್ತದೆ. ದಾರಿಯಲ್ಲಿ ಹಳ್ಳಿಯವರು ನೀರು, ಮಜ್ಜಿಗೆ, ಅನ್ನ ಇಟ್ಟುಕೊಂಡು ಕಾಯುತ್ತಾರೆ. ಶಿವನಸಮುದ್ರದ ಮರ್ದಾನೆ ಗೈಬ್ ದರ್ಗಾಕ್ಕೆ ಹೋಗುವವರ ಬುತ್ತಿಗಂಟಿನಲ್ಲೂ ಇಂಥವೇ ಹರಕೆಗಳಿರುತ್ತವೆ. ಇಲ್ಲಿ ನಡೆಯುವವನ ಕಷ್ಟ ಅವನೊಬ್ಬನದಾಗಿ ಉಳಿಯುವುದಿಲ್ಲ. ಅದು ಇನ್ನೊಬ್ಬರ ಹೆಸರಿನಲ್ಲಿ ಪಟ್ಟ ಕಷ್ಟ, ದಾರಿಯವರು ಕೈಜೋಡಿಸಿ ಹಗುರ ಮಾಡಿದ ಕಷ್ಟ.

ಈಗ ಮತ್ತೆ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಕಷ್ಟಕ್ಕೂ ಸೌದೆ ಹೊತ್ತವಳ ಕಷ್ಟಕ್ಕೂ ನಿಜವಾದ ವ್ಯತ್ಯಾಸವೇನು? ದೂರವಲ್ಲ, ಭಾರವಲ್ಲ, ನೋವೂ ಅಲ್ಲ. ನನಗೆ ತೋಚಿದ ಉತ್ತರ ಒಂದೇ: ನಿಲ್ಲಿಸುವ ಹಕ್ಕು. ಬ್ರೆವೆಯಲ್ಲಿ ಸಾಕಾಯಿತೆನಿಸಿದರೆ ಸಂಘಟಕರಿಗೆ ಫೋನು ಮಾಡಿ ಬಿಟ್ಟೆ ಎಂದರಾಯಿತು. ಹೆಸರಿನ ಮುಂದೆ 'ಮುಗಿಸಲಿಲ್ಲ' ಎಂದು ಬರೆದುಕೊಳ್ಳುತ್ತಾರೆ, ಅಷ್ಟೇ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ ಮಲಗಬಹುದು. ಟ್ರೆಡ್‌ಮಿಲ್ಲಿನ ಮೇಲಿರುವವನಿಗೂ ಹಳೆಯ ಕೈದಿಗೂ ಇರುವ ವ್ಯತ್ಯಾಸವೂ ಇದೇ. ಇವನ ಬೆರಳಿನ ಹತ್ತಿರ ಒಂದು ಗುಂಡಿಯಿದೆ. ಅವನ ಚಕ್ರಕ್ಕೆ ಅದಿರಲಿಲ್ಲ.

ಮಹದೇಶ್ವರ ಬೆಟ್ಟದ ಸುತ್ತಿನ ಇಂಡಿಗನತ್ತ, ದೊಡ್ಡಾಣೆಯಂಥ ಊರುಗಳನ್ನು ನೆನೆದಾಗ ಈ ಹಕ್ಕಿನ ಬೆಲೆ ಗೊತ್ತಾಗುತ್ತದೆ. ದೊಡ್ಡಾಣೆಯವರು ಕಾಯಿಲೆಯಾದವರನ್ನು ಡೋಲಿಯಲ್ಲಿ ಹೊತ್ತು ಕಾಡುದಾರಿಯಲ್ಲಿ ನಡೆದ ಸುದ್ದಿ ಎಷ್ಟು ಸಲ ಪತ್ರಿಕೆಗಳಲ್ಲಿ ಬಂದಿಲ್ಲ? ಈ ಭಾಗದ ಮಕ್ಕಳು ಶಾಲೆಗೆ ಹೋಗಲು ಆನೆ ಓಡಾಡುವ ದಾರಿಯಲ್ಲಿ ನಡೆದಿದ್ದಾರೆ. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಗಿ, ಮೂರು ದಿನಗಳ ನಂತರ ಮರುಮತದಾನ ನಡೆಯಬೇಕಾಯಿತು. ಮತಯಂತ್ರ ಒಡೆದದ್ದನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ರಸ್ತೆ, ನೀರು, ವಿದ್ಯುತ್ತಿಗಾಗಿ ಕೇಳಿ ಕೇಳಿ ಸೋತು ಅವರು ಮತದಾನ ಬಹಿಷ್ಕರಿಸಲು ಹೊರಟಿದ್ದರು ಎಂಬುದೂ ಆ ಸುದ್ದಿಯ ಭಾಗವೇ. ನಾವು ಸವಾಲು ಎಂದು ಹೆಸರಿಟ್ಟು ಹತ್ತುವ ಅದೇ ಮಲೆಯನ್ನು ಅವರು ರೋಗಿಯನ್ನು ಹೊತ್ತು ಇಳಿಯುತ್ತಾರೆ. 'ಮುಗಿಸಲಿಲ್ಲ' ಎಂದು ಬರೆಸಿಕೊಳ್ಳುವ ಅವಕಾಶ ಡೋಲಿ ಹೊತ್ತವನಿಗೆ ಇಲ್ಲ.

ನಿಸರ್ಗದ ಚೆಲುವಿನ ವಿಷಯದಲ್ಲೂ ಇದೇ ಮಾತು. ಚೆಲುವು ಎಂಬುದು ಹಲವು ಸಲ ಹಾದುಹೋಗುವವನ ಪದ. ಇಂದು ನಾವು ಚಿತ್ರ ತೆಗೆಯುತ್ತ ಹೋಗುವ ಈ ರಸ್ತೆಗಳು ಹದಿನೈದು ಇಪ್ಪತ್ತು ವರ್ಷಗಳ ಕಾಲ ಭಯದ ರಸ್ತೆಗಳಾಗಿದ್ದವು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ವೀರಪ್ಪನ್ ಗುಂಪು ದಾಳಿ ಮಾಡಿತು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದರು. 2002ರಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯ ಮನೆಯಿಂದ ಅಪಹರಿಸಿದರು, ಡಿಸೆಂಬರಿನಲ್ಲಿ ಅವರ ಶವ ಸಿಕ್ಕಿತು. ಸೈಕಲ್ ಸವಾರರು ಚಹಾ ಕುಡಿಯಲು ನಿಲ್ಲುವ ಕಾಮಗೆರೆಯೇ ಅದು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರಿನಲ್ಲಿ. ಆ ವರ್ಷಗಳಲ್ಲಿ ಕಾಡಿನಂಚಿನ ಬಡವರು ಎರಡೂ ಕಡೆಯಿಂದ ನಲುಗಿದರು. ಕಾರ್ಯಾಚರಣೆಯ ಹೆಸರಿನಲ್ಲಿ ನಡೆದ ಹಿಂಸೆಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. ನೊಂದ 89 ಮಂದಿಗೆ ಪರಿಹಾರ ಕೊಡಬೇಕೆಂದು ಆಯೋಗ ಹೇಳುವಷ್ಟರಲ್ಲಿ 2007 ಬಂದಿತ್ತು. ಬೆಟ್ಟಗಳು ಆಗಲೂ ಇಷ್ಟೇ ಹಸಿರಾಗಿದ್ದವು. ನೋಡುವ ನೆಮ್ಮದಿ ಯಾರಿಗೂ ಇರಲಿಲ್ಲ.

ಬಿಳಿಗಿರಿಯ ಕಾಡಿನ ಕತೆಯೂ ಬೇರೆಯಲ್ಲ. 1974ರಲ್ಲಿ ಅದು ವನ್ಯಧಾಮವಾದ ಮೇಲೆ ಒಳಗಿನ ಸೋಲಿಗರನ್ನು ರಸ್ತೆಬದಿಯ ಪೋಡುಗಳಿಗೆ ತಂದು ಕೂರಿಸಿದರು. ಸಂಪಿಗೆಯ ಮರವನ್ನು ದೇವರೆಂದು ಪೂಜಿಸುವ, ರಂಗನಾಥನನ್ನು ಬಾವನೆಂದು ಕರೆಯುವ ಜನ ತಮ್ಮದೇ ಕಾಡಿನಲ್ಲಿ ಅಪ್ಪಣೆ ಕೇಳುವವರಾದರು. 2011ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, ದೀರ್ಘ ಹೋರಾಟದ ನಂತರ, ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಸವಾರ ಒಂದು ಮುಂಜಾನೆಯ ಮಟ್ಟಿಗೆ ಸವಿಯುವ ಮಂಜಿನ ಹಿಂದೆ ಇಷ್ಟೆಲ್ಲ ಇದೆ. ಹಾಗೆಂದು ಮಂಜನ್ನು ಸವಿಯಬಾರದೇ? ಸವಿಯಬೇಕು. ಆದರೆ ತಾನು ಸವಿಯುತ್ತಿರುವುದು ಯಾರದೋ ಮನೆಯಂಗಳ ಎಂಬ ಎಚ್ಚರದಿಂದ ಸವಿಯಬೇಕು. ಈ ವಿಷಯದಲ್ಲಿ ಕಾರಿನವನಿಗಿಂತ ಸೈಕಲ್ಲಿನವನಿಗೆ ಒಂದು ಅನುಕೂಲವಿದೆ. ಅವನಿಗೆ ಗಾಜಿಲ್ಲ. ವೇಗವೂ ಕಡಿಮೆ. ಯಾರಾದರೂ ಕೂಗಿದರೆ ಕೇಳಿಸುತ್ತದೆ, ನಿಲ್ಲಲೂ ಬರುತ್ತದೆ.

ಆರಿಸಿಕೊಂಡ ಕಷ್ಟದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ರೋಜಾ ನೆನಪಾಗುತ್ತದೆ. ಬಡವರ ಹಸಿವು ನಮಗೆ ತಿಳಿಯಲೆಂದು ಉಪವಾಸವನ್ನು ವಿಧಿಸಲಾಗಿದೆ ಎಂದು ಚಿಕ್ಕಂದಿನಲ್ಲಿ ಮೌಲವಿಗಳು ಹೇಳುತ್ತಿದ್ದರು. ಕುರ್‌ಆನ್ ಹೇಳುವ ಉದ್ದೇಶ ತಖ್ವಾ, ಅಂದರೆ ದೇವರ ಎಚ್ಚರದಲ್ಲಿ ಬದುಕುವುದು. ಬಡವನ ಹಸಿವಿನ ಮಾತು ನಾವು ಅದಕ್ಕೆ ಸೇರಿಸಿಕೊಂಡ ವಿವರಣೆ. ಅದು ಒಳ್ಳೆಯ ವಿವರಣೆಯೇ. ಆದರೆ ಅದಕ್ಕೊಂದು ಮಿತಿಯಿದೆ. ನಮ್ಮ ಹಸಿವಿಗೆ ಮಗ್ರಿಬಿನ ಅಜಾನ್ ಇದೆ. ಖರ್ಜೂರ ಎದುರಿಗೇ ಇರುತ್ತದೆ. ಗಡಿಯಾರ ನೋಡುತ್ತ ಕಾಯಬಹುದಾದ ಹಸಿವಿಗೂ, ನಾಳೆ ಏನೆಂದು ಗೊತ್ತಿಲ್ಲದ ಹಸಿವಿಗೂ ಹೆಸರೊಂದೇ. ಹಾಗಾಗಿ ಮೂವತ್ತು ದಿನ ಉಪವಾಸ ಮಾಡಿದವನು ಬಡತನವನ್ನು ಬಲ್ಲೆ ಎಂದರೆ ಅದು ಅತಿಶಯೋಕ್ತಿ. ಇನ್ನೂರು ಕಿಲೋಮೀಟರು ತುಳಿದವನು ಕೂಲಿಯವನ ಬೆವರನ್ನು ಬಲ್ಲೆ ಎಂದರೂ ಅಷ್ಟೇ.

ಧರ್ಮದ ವ್ಯವಸ್ಥೆಗೆ ಈ ಮಿತಿ ಗೊತ್ತಿದ್ದಂತಿದೆ. ಅದಕ್ಕೇ ಅದು ಹಸಿವನ್ನು ಅನುಭವಿಸಿದರೆ ಸಾಕೆನ್ನುವುದಿಲ್ಲ. ಕಾಯಿಲೆಯವನಿಗೆ, ಪ್ರಯಾಣಿಕನಿಗೆ ವಿನಾಯಿತಿ ಕೊಡುತ್ತದೆ, ಅಂದರೆ ನಿಲ್ಲಿಸುವ ಹಕ್ಕನ್ನು ಮೊದಲೇ ಒಪ್ಪಿಕೊಂಡಿದೆ. ಉಪವಾಸ ಮಾಡಲು ಸಾಧ್ಯವೇ ಇಲ್ಲದವನು ಒಬ್ಬ ಬಡವನಿಗೆ ಊಟ ಕೊಡಬೇಕೆನ್ನುತ್ತದೆ. ಕೊನೆಗೆ, ಈದಿನ ನಮಾಜಿಗೆ ಮುಂಚೆಯೇ ಫಿತ್ರಾ ಕೊಡಬೇಕೆಂದು ಹೇಳುತ್ತದೆ. ಮನೆಯ ಹಸುಗೂಸಿನ ಹೆಸರಿನಲ್ಲೂ ಕೊಡಬೇಕು. ಹಸಿವಿನಿಂದ ನಿನಗೆ ಏನು ಅರ್ಥವಾಯಿತು ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ನಿನ್ನ ಧಾನ್ಯದಲ್ಲಿ ಒಂದು ಪಾಲು ಇನ್ನೊಬ್ಬನ ಮನೆಗೆ ತಲುಪಿತೇ ಎಂಬುದಷ್ಟೇ ಪ್ರಶ್ನೆ. ಅನುಭವದ ಮೇಲೆ ಪೂರ್ತಿ ಭಾರ ಹಾಕದೆ ಬಾಧ್ಯತೆಯ ಮೇಲೂ ಹಾಕಿರುವುದು ಇಲ್ಲಿನ ವಿವೇಕ.

ನಮ್ಮ ಆಟಕ್ಕೂ ಇಂಥದೊಂದು ಫಿತ್ರಾ ಬೇಕು ಎಂಬುದು ನನ್ನ ಮಾತು. ಇದರರ್ಥ ಜೇಬಿನಿಂದ ನೂರರ ನೋಟು ತೆಗೆದು ದಾರಿಯವರಿಗೆ ಕೊಡುವುದಲ್ಲ. ಅದು ಕೊಡುವವನ ಸಮಾಧಾನಕ್ಕೆ ಮಾತ್ರ. ಬಾಧ್ಯತೆ ಬೇರೆ ಬಗೆಯದು. ದೂರ ತುಳಿಯುವವನ ಕಣ್ಣಿಗೆ ಬೀಳುವಷ್ಟು ಹಳ್ಳಿಗಳು ಅಧಿಕಾರಿಯ ಕಣ್ಣಿಗೆ ಬೀಳುವುದಿಲ್ಲ. ಯಾವ ಸೇತುವೆ ಕುಸಿದಿದೆ, ಯಾವ ಊರಿಗೆ ಬಸ್ಸು ನಿಂತುಹೋಗಿದೆ, ಯಾವ ಶಾಲೆಗೆ ಮಕ್ಕಳು ನಡೆದು ಬರುತ್ತಿದ್ದಾರೆ ಎಂಬುದು ನಮಗೆ ಗೊತ್ತು. ಸೈಕಲ್ ಗೆಳೆಯರಲ್ಲಿ ಎಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ, ವಕೀಲರಿದ್ದಾರೆ, ಬರೆಯಬಲ್ಲವರಿದ್ದಾರೆ. ತಮ್ಮ ಟೈರಿಗೆ ನುಣುಪಾದ ರಸ್ತೆ ಬೇಕೆಂದು ಅರ್ಜಿ ಬರೆಯುವ ಕೈ, ಡೋಲಿಯ ದಾರಿಗಾಗಿಯೂ ಒಂದು ಅರ್ಜಿ ಬರೆಯಬಹುದು. ನಾವು ಪ್ಲಾಸ್ಟಿಕ್ ಎಸೆಯದೆ ಬರುವುದು, ಊರವರ ಅಂಗಡಿಯಲ್ಲೇ ಉಣ್ಣುವುದು, ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳುವುದು ಇವೆಲ್ಲ ಸಣ್ಣ ಸಂಗತಿಗಳು. ಆದರೆ ಹಾದುಹೋಗುವವನನ್ನು ಅತಿಥಿಯನ್ನಾಗಿ ಮಾಡುವುದು ಇಂಥ ಸಂಗತಿಗಳೇ.

ಇಷ್ಟೆಲ್ಲ ಹೇಳಿದ ಮೇಲೆ ಸಂತೋಷದ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಬಡವರಿದ್ದಾರೆಂದು ಆಟವನ್ನೇ ಬಿಡಬೇಕೆನ್ನುವುದು ಬಡವರಿಗೆ ಮಾಡುವ ಉಪಕಾರವಲ್ಲ. ನಾನು ಸೈಕಲ್ ಬಿಟ್ಟರೆ ಯಾವ ಹೊರೆಯೂ ಹಗುರಾಗುವುದಿಲ್ಲ. ನಮ್ಮ ತಂದೆ ದುಡಿದದ್ದು ಸೈಕಲ್ಲನ್ನು ದ್ವೇಷಿಸುವ ಮಗನಿಗಾಗಿ ಅಲ್ಲ. ಸೈಕಲ್ ತುಳಿಯಬೇಕೋ ಬೇಡವೋ ಎಂದು ತಾನೇ ತೀರ್ಮಾನಿಸಬಲ್ಲ ಮಗನಿಗಾಗಿ. ಆ ತೀರ್ಮಾನದ ಹಕ್ಕೇ ಅವರು ಬೆಂದ ಬೆರಳುಗಳಿಂದ ಗಳಿಸಿ ಕೊಟ್ಟ ಆಸ್ತಿ. ಶೌಕ್ ಎಂಬುದು ಮಜಬೂರಿಯಿಂದ ಬಿಡುಗಡೆಯಾದವನಿಗೆ ಸಿಗುವ ಸಂತೋಷ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಾಚಿಕೆಯಿರುವುದು ಆ ಬಿಡುಗಡೆ ಎಲ್ಲರಿಗೂ ಸಿಕ್ಕಿಬಿಟ್ಟಿದೆ ಎಂದುಕೊಂಡು ಮುಂದೆ ಹೋಗುವುದರಲ್ಲಿ.

ಹಾಗಾಗಿ ನ್ಯಾಯವಾದ ಸಮಾಜ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಸರಳ. ಯಾರೂ ಕಷ್ಟಪಡದ ಸಮಾಜವಲ್ಲ ಅದು. ಅಂಥದ್ದು ಎಲ್ಲೂ ಇಲ್ಲ, ಇದ್ದರೂ ಅಲ್ಲಿ ಬದುಕುವುದು ಬೇಸರ. ಬೆಟ್ಟ ಹತ್ತುವವರೆಲ್ಲರಿಗೂ, ಸಾಕಾದಾಗ ಕುಳಿತುಕೊಳ್ಳುವ ಹಕ್ಕಿರುವ ಸಮಾಜ ಅದು. ಸೌದೆ ಹೊತ್ತವಳಿಗೂ, ಗೂಡು ಬೇಯಿಸುವವನಿಗೂ, ಶಾಲೆಗೆ ನಡೆಯುವ ಮಗುವಿಗೂ ಆ ಹಕ್ಕು ಬೇಕು. ಅಲ್ಲಿಯವರೆಗೆ, ಆ ಹಕ್ಕು ಈಗಾಗಲೇ ಕೈಯಲ್ಲಿರುವ ನಮ್ಮಂಥವರ ಲೆಕ್ಕ ಗಡುವಿನೊಳಗೆ ಸವಾರಿ ಮುಗಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಫಿತ್ರಾ ಬಾಕಿಯಿರುತ್ತದೆ.